ಮಿಲಿಟರಿ ವಾಚಿನ ಡಯಲ್ ಮುಟ್ಟಬೇಡಿ

(ಧಾರವಾಡದಲ್ಲಿ, ಹಳೆಯ ವಸ್ತು ಕೂಡಿಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇವತ್ತು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಒಬ್ಬ ಸೈನಿಕ ಕಟ್ಟಿದ ಹಳೆಯ ವಾಚ್ ನಿಮ್ಮ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಅದು ನಿಂತಿದೆ. ಡಯಲ್ ಮೇಲೆ ಕಲೆ ಬಿದ್ದಿದೆ, ಗ್ಲಾಸ್ ಹಳದಿಯಾಗಿದೆ, ಹಿಂದಿನ ಮುಚ್ಚಳದ ಮೇಲಿನ ಅಕ್ಷರ ಅರ್ಧ ಸವೆದಿವೆ. ಅದನ್ನು ಎಲ್ಲಿಯತನಕ ರಿಪೇರಿ ಮಾಡಿಸಬೇಕು? ಎಲ್ಲಿ ಕೈ ತೆಗೆಯಬೇಕು?

ನಮ್ಮ ಕಡೆ ಇದು ಬರೀ ಶೋಕಿಯವರ ಪ್ರಶ್ನೆ ಅಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಪಕ್ಕದ ಬೆಳಗಾವಿಯಲ್ಲಿದೆ. ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಮಿಲಿಟರಿಗೆ ಹೋಗಿ ಬಂದವರ ಮನೆಗಳು ಬೇಕಾದಷ್ಟಿವೆ. ಆ ಮನೆಗಳ ಟ್ರಂಕಿನಲ್ಲಿ ಪದಕ ಇರುತ್ತದೆ, ಡಿಸ್ಚಾರ್ಜ್ ಬುಕ್ ಇರುತ್ತದೆ, ಎಷ್ಟೋ ಸಲ ಒಂದು ನಿಂತುಹೋದ ವಾಚೂ ಇರುತ್ತದೆ. ಮೊಮ್ಮಗ ಅದನ್ನು ಪೇಟೆಗೆ ತಂದು "ಹೊಸದರಂಗ ಮಾಡಿಕೊಡ್ರಿ" ಅನ್ನುತ್ತಾನೆ. ಆ ಮಾತು ಕೇಳಿದಾಗೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ.

ಮೊದಲು ಸ್ವಲ್ಪ ಚರಿತ್ರೆ. ಮೊದಲ ಮಹಾಯುದ್ಧಕ್ಕಿಂತ ಮುಂಚೆ ಯುರೋಪಿನ ಗಂಡಸರು ಕೈಗೆ ವಾಚ್ ಕಟ್ಟುವುದು ಕಡಿಮೆ. ಕೈಗೆ ಕಟ್ಟುವುದು ಹೆಂಗಸರ ಆಭರಣ ಅನ್ನುವ ಭಾವನೆ ಇತ್ತು. ಗಂಡಸರದ್ದು ಜೇಬಿನ ವಾಚು, ಅದಕ್ಕೊಂದು ಸರಪಳಿ. ಯುದ್ಧ ಇದನ್ನು ಬದಲಿಸಿತು. ಫಿರಂಗಿಯವರು ವೇಳಾಪಟ್ಟಿ ಪ್ರಕಾರ ಗುಂಡಿನ ಗುರಿಯನ್ನು ಮುಂದೆ ಮುಂದೆ ಸರಿಸುತ್ತಾ ಹೋಗಬೇಕು, ಅದರ ಹಿಂದೆಯೇ ಕಾಲಾಳುಗಳು ನಡೆಯಬೇಕು. ಇವರ ಗಡಿಯಾರ ಒಂದು ನಿಮಿಷ ಮುಂದಿದ್ದರೂ ತಮ್ಮದೇ ಗುಂಡಿಗೆ ಸಿಕ್ಕಿಬೀಳುತ್ತಾರೆ. 1916ರ ಜುಲೈ 1ರಂದು ಸೋಮ್ ಕದನದಲ್ಲಿ ಬ್ರಿಟಿಷ್ ಸೈನಿಕರು ಕಂದಕದಿಂದ ಮೇಲೆದ್ದದ್ದು ಬೆಳಿಗ್ಗೆ ಸರಿಯಾಗಿ 7.30ಕ್ಕೆ. ಕೈಯಲ್ಲಿ ಬಂದೂಕು ಹಿಡಿದವನು ಜೇಬಿಗೆ ಕೈ ಹಾಕಿ ಟೈಮ್ ನೋಡುತ್ತಾ ನಿಲ್ಲಲು ಆಗುತ್ತದಾ?

ಹಾಗಾಗಿ ಸಣ್ಣ ಜೇಬಿನ ವಾಚಿನಂಥ ಕೇಸಿಗೇ ಎರಡು ಕಡೆ ತಂತಿಯ ಕೊಂಡಿ ಬೆಸೆದು, ಚರ್ಮದ ಪಟ್ಟಿ ಹಾಕಿ ಕೈಗೆ ಕಟ್ಟಿದರು. ಇವಕ್ಕೆ ಟ್ರೆಂಚ್ ವಾಚ್ ಅನ್ನುತ್ತಾರೆ. ಬಿಳಿ ಎನಾಮೆಲ್ (ಗಾಜಿನಂಥ ಲೇಪದ) ಡಯಲ್, ದಪ್ಪ ಅಂಕಿ, ಕೆಲವಕ್ಕೆ ಕೆಂಪು ಬಣ್ಣದ 12. ಗ್ಲಾಸ್ ಒಡೆಯಬಾರದು ಅಂತ ಮೇಲೊಂದು ಲೋಹದ ಜಾಲರಿಯ ಮುಚ್ಚಳ. ಬ್ರಿಟಿಷ್ ಹಾಲ್‌ಮಾರ್ಕ್ ಇರುವ ಬೆಳ್ಳಿ ಕೇಸಾದರೆ ಒಳಗೆ ಒಂದು ಸಣ್ಣ ಅಕ್ಷರ ಸಿಗುತ್ತದೆ, ಅದರಿಂದ ವರ್ಷ ಗೊತ್ತಾಗುತ್ತದೆ. ಎನಾಮೆಲ್‌ನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಹೆದರಬೇಡಿ. ಅದನ್ನು ತುಂಬಿಸಲು ಹೋಗಬೇಡಿ. ಅಷ್ಟು ವಯಸ್ಸಾದ ಡಯಲ್‌ಗೆ ಅದು ಸಹಜ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ವಸ್ತುಗಳಿಗೆ ಇಟ್ಟಿರುವ ಅಳತೆ 100 ವರ್ಷ. ಅಂದರೆ 1916ರ ಟ್ರೆಂಚ್ ವಾಚ್‌ಗೆ ಆ್ಯಂಟಿಕ್ ಅನ್ನುವ ಮಾತು ಸರಿ. 1945ರದ್ದು ಹಳೆಯದು, ಆದರೆ ಇನ್ನೂ ಆ ಗೆರೆ ದಾಟಿಲ್ಲ. ಮಾರುವವರು ಎಲ್ಲದಕ್ಕೂ ಒಂದೇ ಹೆಸರು ಹೇಳುತ್ತಾರೆ. ನೂರು ದಾಟಿದ್ದನ್ನು ಹೊರದೇಶದವರಿಗೆ ಕಳಿಸುವ ಯೋಚನೆ ಇದ್ದರೆ ಮೊದಲು ಕಾನೂನು ತಿಳಿದವರನ್ನು ಕೇಳಿ.

ಈಗ ಗುರುತಿನ ವಿಷಯ. ಬೆಳಗಾವಿ-ಹುಬ್ಬಳ್ಳಿ ಹೈವೇದಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಒಂದು ಬಾಣ ಇರುತ್ತದೆ, ಗಮನಿಸಿದ್ದೀರಾ? ಅದು ಬ್ರಿಟಿಷರ ಕಾಲದಿಂದ ಉಳಿದುಬಂದ ಬ್ರಾಡ್ ಆ್ಯರೋ. ಇದು ಸರ್ಕಾರದ ಸ್ವತ್ತು ಅಂತ ಹೇಳುವ ಗುರುತು. ಬ್ರಿಟಿಷ್ ಸೇನೆ ಕೊಟ್ಟ ವಾಚಿನ ಹಿಂದೆ, ಎಷ್ಟೋ ಸಲ ಡಯಲ್ ಮೇಲೂ ಇದೇ ಬಾಣ ಇರುತ್ತದೆ. ಸೈನಿಕ ಅದನ್ನು ಸಹಿ ಹಾಕಿ ತೆಗೆದುಕೊಳ್ಳಬೇಕಿತ್ತು, ವಾಪಸ್ ಕೊಡಬೇಕಿತ್ತು.

ಬಾಣ ಇಲ್ಲದ ವಾಚೆಲ್ಲ ಸೈನಿಕನದ್ದಲ್ಲ ಅಂತಲ್ಲ. ಸ್ವಂತ ದುಡ್ಡು ಕೊಟ್ಟು ಕೊಂಡವರು ಬಹಳ ಮಂದಿ ಇದ್ದರು. ಮುಂಬೈಯಲ್ಲಿ 1886ರಲ್ಲಿ ಶುರುವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಸೋವಾರ್ ಮಾದರಿ ಭಾರತೀಯ ಸೈನಿಕರಲ್ಲಿ ದೊಡ್ಡ ಹೆಸರು ಮಾಡಿತ್ತು. ಅಂಥ ವಾಚಿಗೆ ಸಾಕ್ಷಿ ಅಂದರೆ ಮನೆಯ ಕಾಗದ, ಫೋಟೋ, ಹಿರಿಯರ ಮಾತು. ಅವು ಕಳೆದುಹೋದರೆ ವಾಚ್ ಮೂಕವಾಗುತ್ತದೆ.

ಸಂಗ್ರಹ ಮಾಡುವವರ ಬಾಯಲ್ಲಿ ಜಾಸ್ತಿ ಕೇಳಿಬರುವುದು "ಡರ್ಟಿ ಡಜನ್". ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆ ತನಗೆ ಎಂಥ ವಾಚ್ ಬೇಕು ಅಂತ ಪಟ್ಟಿ ಮಾಡಿತು. ಕಪ್ಪು ಡಯಲ್, ಬಿಳಿ ಅಂಕಿ, 6ರ ಹತ್ತಿರ ಸೆಕೆಂಡಿನ ಪುಟ್ಟ ಮುಳ್ಳು, ಕತ್ತಲಲ್ಲಿ ಹೊಳೆಯುವ ಬಣ್ಣ, 15 ಜ್ಯುವೆಲ್‌ನ (ಚಕ್ರದ ಅಚ್ಚು ಕೂರುವ ಸಣ್ಣ ಹರಳಿನ) ಮಷಿನ್, ನೀರು ಹೊಗದ ಕೇಸು, ಚೂರಾಗದ ಪರ್ಸ್‌ಪೆಕ್ಸ್ ಪ್ಲಾಸ್ಟಿಕ್ಕಿನ ಗ್ಲಾಸು. ಬ್ಯೂರೆನ್, ಸಿಮಾ, ಎಟರ್ನಾ, ಗ್ರಾನಾ, ಐಡಬ್ಲ್ಯುಸಿ, ಜೇಗರ್ ಲಕುಲ್ಟ್ರ್, ಲೆಮಾನಿಯಾ, ಲಾಂಜಿನ್, ಒಮೆಗಾ, ರೆಕಾರ್ಡ್, ಟಿಮೋರ್, ವರ್ಟೆಕ್ಸ್ ಎಂಬ ಹನ್ನೆರಡು ಹೆಸರಿನಲ್ಲಿ ಇವು ಬಂದವು. ಹಿಂದೆ ಬಾಣ, ಅದರ ಜೊತೆ ಮೂರು ಡಬ್ಲ್ಯು ಅಕ್ಷರ, ಅಂದರೆ ವಾಚ್, ರಿಸ್ಟ್, ವಾಟರ್‌ಪ್ರೂಫ್. ಸೇನೆಯ ಕೈಗೆ ಬರುವ ಹೊತ್ತಿಗೆ 1945 ಬಂದಿತ್ತು. ಹನ್ನೆರಡರಲ್ಲಿ ಗ್ರಾನಾ ಅತಿ ಕಡಿಮೆ ಸಿಗುತ್ತದೆ, ಹನ್ನೆರಡನ್ನೂ ಕೂಡಿಸಲು ಹೊರಟವರು ಅದರ ಬಳಿ ನಿಂತುಬಿಡುತ್ತಾರೆ. ಹನ್ನೆರಡೂ ಬೇಕು ಅನ್ನುವ ಹಟ ನನಗೆ ಇಲ್ಲ. ಸಾಚಾ ಡಯಲ್ ಇರುವ ಒಂದು ಸಿಕ್ಕರೆ ನನಗೆ ಅದೇ ಜಾಸ್ತಿ.

ಅಮೆರಿಕದವರದ್ದು ಬೇರೆ ದಾರಿ. ಎಲ್ಜಿನ್, ವಾಲ್ಥಮ್, ಬುಲೋವಾ ಕಂಪನಿಗಳು ಎ-11 ಅನ್ನುವ ಒಂದೇ ನಮೂನೆಗೆ ವಾಚ್ ಮಾಡಿದವು. ಚಾವಿಯನ್ನು ಹೊರಗೆ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಹತ್ತು ಜನ ಒಟ್ಟಿಗೆ ನಿಂತು, ಎಳೆದು ಹಿಡಿದು, ಒಂದೇ ಕ್ಷಣಕ್ಕೆ ಒತ್ತಿದರೆ ಹತ್ತೂ ವಾಚು ಒಂದೇ ಸೆಕೆಂಡಿಗೆ ಶುರುವಾಗುತ್ತವೆ. ಜರ್ಮನಿಯವರ ವಿಮಾನದ ವಾಚ್ 55 ಮಿಲಿಮೀಟರ್ ಅಗಲ. ಅದು ಕೋಟಿನ ತೋಳಿನ ಮೇಲೆ ಕಟ್ಟುವಂಥದ್ದು. ಅದರ ಬಗ್ಗೆ ಮಾತಾಡಲು ಇನ್ನೊಂದು ಸಂಜೆ ಬೇಕು.

ಈಗ ಈ ವಾಚ್ ನೋಡಿ. ಮುಂದಿನ ಸಾಲಿನವರು ಕೈಯಿಂದ ಕೈಗೆ ದಾಟಿಸಿ, ಮುಚ್ಚಳ ಮಾತ್ರ ತೆರೆಯಬೇಡಿ. ಹಿಂದೆ ಎ.ಟಿ.ಪಿ. ಅಂತ ಬ್ರಿಟಿಷ್ ಸೇನೆಯ ಗುರುತಿದೆ, ಬಾಣ ಇದೆ. ಎರಡನೇ ಯುದ್ಧದ ಕಾಲದ್ದೇ. ಬಿಳಿ ಡಯಲ್ ಈಗ ಕೆನೆ ಬಣ್ಣಕ್ಕೆ ತಿರುಗಿದೆ. 4ರ ಅಂಕಿಯ ಪಕ್ಕ ಒಂದು ಕಂದು ನೆರಳು ಇದೆ, ಕಾಣಿಸುತ್ತಾ? ಓರೆ ಮಾಡಿ ಬೆಳಕಿಗೆ ಹಿಡಿದರೆ ಸರಿಯಾಗಿ ಗಂಟೆ ಮುಳ್ಳಿನ ಆಕಾರವೇ ಇದೆ. ಈ ವಾಚ್ ಎಲ್ಲೋ ಒಂದು ಡ್ರಾವರ್‌ನಲ್ಲಿ ವರ್ಷಗಟ್ಟಲೆ ನಾಲ್ಕು ಗಂಟೆ ತೋರಿಸುತ್ತಾ ನಿಂತಿತ್ತು. ಮುಳ್ಳಿಗೆ ಬಳಿದ ರೇಡಿಯಂ ಕೆಳಗಿನ ಬಣ್ಣವನ್ನು ನಿಧಾನಕ್ಕೆ ಸುಟ್ಟಿದೆ. ಇದನ್ನು ಕಲೆ ಅಂತ ತೆಗೆಸಿದರೆ ಹೊಸ ಡಯಲ್ ಸಿಗುತ್ತದೆ. ಈ ವಾಚ್ ಎಷ್ಟೋ ವರ್ಷ ಸುಮ್ನೆ ಕಾದಿದ್ದಕ್ಕೆ ಇರುವ ಒಂದೇ ಗುರುತು ಹೋಗಿಬಿಡುತ್ತದೆ.

ರೇಡಿಯಂ ಅಂದಕೂಡಲೇ ಕೆಲವರು ಕೈ ಹಿಂದೆ ತೆಗೆದಿರಿ. ಅದನ್ನು ಬಿಡಿಸಿ ಹೇಳುತ್ತೇನೆ. ಆ ಕಾಲದ ಹೊಳೆಯುವ ಬಣ್ಣ ಅಂದರೆ ರೇಡಿಯಂ ಮತ್ತು ಝಿಂಕ್ ಸಲ್ಫೈಡ್ ಬೆರೆಸಿದ ಪುಡಿ. ರೇಡಿಯಂನ ವಿಕಿರಣ ಬಡಿದು ಝಿಂಕ್ ಸಲ್ಫೈಡ್ ಹೊಳೆಯುತ್ತದೆ. ಕೆಲವು ದಶಕದಲ್ಲಿ ಝಿಂಕ್ ಸಲ್ಫೈಡ್ ಸತ್ವ ಕಳೆದುಕೊಳ್ಳುತ್ತದೆ, ಹೊಳಪು ಹೋಗುತ್ತದೆ. ಆದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯದ ಡಯಲ್ ಸತ್ತಿಲ್ಲ, ವಿಕಿರಣ ಹಾಗೇ ಇದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಬಳಿಯುತ್ತಿದ್ದರು. ಹಾಗೆ ಮಾಡಿ ಅಂತ ಅವರಿಗೆ ಹೇಳಿಕೊಟ್ಟಿದ್ದೇ ಕಾರ್ಖಾನೆಯವರು. ದವಡೆಯ ಮೂಳೆ ಕೊಳೆತು ಎಷ್ಟೋ ಹುಡುಗಿಯರು ಸತ್ತರು. ಉಳಿದವರಲ್ಲಿ ಕೆಲವರು ಕೋರ್ಟಿಗೆ ಹೋದರು, 1928ರಲ್ಲಿ ರಾಜಿಯಾಯಿತು. ಸೈನಿಕನ ವಾಚ್ ಅಂದಾಗ ಆ ಹುಡುಗಿಯರನ್ನೂ ನೆನೆಯಬೇಕು ಅಂತ ನನಗೆ ಅನಿಸುತ್ತದೆ. ಕತ್ತಲಲ್ಲಿ ಟೈಮ್ ಕಾಣಲಿ ಅಂತ ಬಳಿದವರು ಅವರು.

ನಮಗೆ ಇದರಿಂದ ಬರುವ ನಿಯಮ ಸರಳ. ಗ್ಲಾಸ್ ಮುಚ್ಚಿರುವ ವಾಚನ್ನು ಹೀಗೆ ಒಮ್ಮೆ ಹಿಡಿದು ನೋಡಲು ಭಯ ಬೇಡ. ಅಪಾಯ ಇರುವುದು ಪುಡಿಯಲ್ಲಿ. ಮನೆಯಲ್ಲಿ ಗ್ಲಾಸ್ ಬಿಚ್ಚಬೇಡಿ. ಕೆರೆಯಬೇಡಿ, ಊದಬೇಡಿ. ಅಂಥ ಹತ್ತಾರು ವಾಚು ಇದ್ದರೆ ಗಾಳಿಯಾಡದ ಬೀರುವಿನಲ್ಲಿ ಒಟ್ಟಿಗೆ ತುಂಬಬೇಡಿ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಮಲಗುವ ಕೋಣೆ ಬೇಡ. ಮಕ್ಕಳ ಕೈಗಂತೂ ಬೇಡವೇ ಬೇಡ.

ಇದರಲ್ಲೇ ಒಂದು ಪತ್ತೇದಾರಿ ಉಪಾಯವೂ ಇದೆ. 1945ರ ಮೂಲ ರೇಡಿಯಂ ಡಯಲ್ ಅಂತ ಹೇಳಿ ಕೊಟ್ಟ ವಾಚನ್ನು ಟಾರ್ಚ್ ಬೆಳಕಿಗೆ ಹಿಡಿದು ಕತ್ತಲೆಗೆ ತನ್ನಿ. ಅದು ಹಸಿರಾಗಿ ಬಹಳ ಹೊತ್ತು ಜೋರಾಗಿ ಹೊಳೆದರೆ ಯಾರೋ ಇತ್ತೀಚೆಗೆ ಬಣ್ಣ ಹಾಕಿದ್ದಾರೆ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಹಾಗಾದರೆ ಡಯಲ್ ಬದಲಾದ ವಾಚೆಲ್ಲ ಖೋಟಾ ಏನ್ರಿ? ಅಲ್ಲ. ಇದು ನನಗೆ ತುಂಬ ಮುಖ್ಯ ಅನಿಸುವ ವಿಷಯ. ಯುದ್ಧ ಮುಗಿದ ಮೇಲೂ ಬ್ರಿಟಿಷ್ ಸೇನೆ ಈ ವಾಚ್‌ಗಳನ್ನು ಬಳಸಿತು. ರೇಡಿಯಂ ಅಪಾಯ ಅಂತ ಗೊತ್ತಾದ ಮೇಲೆ ತನ್ನದೇ ವರ್ಕ್‌ಶಾಪಿನಲ್ಲಿ ಎಷ್ಟೋ ವಾಚ್‌ಗಳ ಡಯಲ್ ತೆಗೆದು, ಟ್ರಿಟಿಯಮ್ (ರೇಡಿಯಂಗಿಂತ ಕಡಿಮೆ ಅಪಾಯದ ವಿಕಿರಣ ವಸ್ತು) ಹಚ್ಚಿದ ಬೇರೆ ಡಯಲ್ ಕೂರಿಸಿತು. ವೃತ್ತದೊಳಗೆ ಟಿ ಅಕ್ಷರ ಇದ್ದರೆ ಅದು ಟ್ರಿಟಿಯಮ್‌ನ ಗುರುತು. ಟ್ರಿಟಿಯಮ್ ಸುಮಾರು 12.3 ವರ್ಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಈಗ ಅದೂ ಮಂಕು. ಆ ವರ್ಕ್‌ಶಾಪಿನವರಿಗೆ ವಾಚ್ ಅಂದರೆ ಬೂಟು, ನೀರಿನ ಬಾಟಲಿ ಇದ್ದ ಹಾಗೆ ಒಂದು ಸಾಮಾನು. ಒಂದರ ಮುಳ್ಳು ಇನ್ನೊಂದಕ್ಕೆ, ಒಂದರ ಮುಚ್ಚಳ ಮತ್ತೊಂದಕ್ಕೆ ಹಾಕಿ ಕಳಿಸಿದರು. ಆ ರಿಪೇರಿ ಕೂಡ ವಾಚಿನ ಸೇವೆಯ ಭಾಗವೇ. ಅದನ್ನು "ಮೂಲಕ್ಕೆ ತರುತ್ತೇನೆ" ಅಂತ ಟಿ ಡಯಲ್ ಕಿತ್ತು ಹೊಸದಾಗಿ ಅಚ್ಚು ಹಾಕಿದ 1945ರ ನಮೂನೆಯ ಡಯಲ್ ಕೂರಿಸುವವರು ಇದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆ ಇಲ್ಲ. ಸೇನೆ ಮಾಡಿದ ಬದಲಾವಣೆ ಚರಿತ್ರೆ. ನಾವು ಈಗ ಮಾಡುವುದು ಆ ಚರಿತ್ರೆಯನ್ನು ಅಳಿಸುವುದು.

ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ನೋಡಿದ್ದೀರಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಊರಿನವರು ಭಕ್ತಿಯಿಂದಲೇ ಅದಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ. ಪೇಂಟ್ ಹಚ್ಚಿದ ಮೇಲೆ ಕಲ್ಲು ಮಿಂಚುತ್ತದೆ, ಆದರೆ ಪಟ್ಟಿಕೆಗಳ ನಡುವಿನ ಎರಡು ಸಾಲು ಅಕ್ಷರ ಮುಚ್ಚಿಹೋಗುತ್ತವೆ. ಯಾರು ಸತ್ತ, ಯಾವ ಊರಿನ ದನ ಬಿಡಿಸಲು ಹೋಗಿ ಸತ್ತ ಅಂತ ಇದ್ದದ್ದು ಅಲ್ಲೇ. ಮಿಲಿಟರಿ ವಾಚಿನ ಡಯಲ್‌ಗೂ ಹಿಂದಿನ ಮುಚ್ಚಳಕ್ಕೂ ನಾವು ಮಾಡುತ್ತಿರುವುದು ಇದನ್ನೇ.

ಭಕ್ತಿ ಇಲ್ಲದೆ ಮಾಡುವವರೂ ಇದ್ದಾರೆ. ನಮ್ಮ ದೇಶದಿಂದ ಹೊರಟು ಜಗತ್ತಿನ ತುಂಬ ಹರಡಿರುವ ಒಂದು ಮಾಲು ಇದೆ. ಹಳೆಯ ಸ್ವಿಸ್ ಅಥವಾ ಎಚ್‌ಎಂಟಿ ಮಷಿನ್, ಎಲ್ಲಿಯದೋ ಕೇಸು, ಅದಕ್ಕೆ ಹೊಸದಾಗಿ ಬಣ್ಣ ಹೊಡೆದು ದೊಡ್ಡ ಬಾಣವನ್ನೋ "ಮಿಲಿಟರಿ" ಅನ್ನುವ ಅಕ್ಷರವನ್ನೋ ಅಚ್ಚು ಹಾಕಿದ ಡಯಲ್. ಹೊರದೇಶದ ಸಂಗ್ರಾಹಕರು ಇವಕ್ಕೆ ಬಾಂಬೆ ಸ್ಪೆಷಲ್ ಅಂತಲೇ ಹೆಸರಿಟ್ಟಿದ್ದಾರೆ. ಮಷಿನ್ ಚೆನ್ನಾಗಿಯೇ ಓಡುತ್ತಿರಬಹುದು. ಸಾವಿರ ರೂಪಾಯಿಯ ಚೆಂದದ ವಾಚ್ ಅಂತ ಕೊಂಡರೆ ತಪ್ಪೇನಿಲ್ಲ. ಸೈನಿಕನ ವಾಚ್ ಅಂತ ಕೊಂಡರೆ ಮೋಸ ಹೋದಿರಿ.

ಹೇಗೆ ಗುರುತಿಸುವುದು? ಭೂತಗನ್ನಡಿ ತೆಗೆದುಕೊಳ್ಳಿ. ಕಾರ್ಖಾನೆಯ ಅಚ್ಚಿನ ಅಕ್ಷರದ ಅಂಚು ಚೂಪಾಗಿರುತ್ತದೆ. ಮತ್ತೆ ಹೊಡೆದ ಡಯಲ್‌ನಲ್ಲಿ ಅಕ್ಷರ ಹರಡಿಕೊಂಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗೆ ನೇರಕ್ಕೆ ಕೂತಿರುವುದಿಲ್ಲ. ಸೆಕೆಂಡಿನ ಪುಟ್ಟ ವೃತ್ತದ ನಡುಮಧ್ಯೆ ಮುಳ್ಳಿನ ತೂತು ಇರುವುದಿಲ್ಲ, ಒಂದು ಕೂದಲಷ್ಟು ಪಕ್ಕಕ್ಕೆ ಇರುತ್ತದೆ. ಆಮೇಲೆ ಕೇಸು ನೋಡಿ. ಪಟ್ಟಿ ಸಿಕ್ಕಿಸುವ ಕಿವಿಗಳ ಅಂಚು ದುಂಡಗಾಗಿ, ಹಿಂದಿನ ಅಕ್ಷರ ತೆಳ್ಳಗಾಗಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾರೆ. ಅಕ್ಷರ ಮಾತ್ರ ಚೂಪಾಗಿದ್ದು ಸುತ್ತಲಿನ ಲೋಹ ಸವೆದಿದ್ದರೆ ಅಕ್ಷರ ನಿನ್ನೆ ಕೆತ್ತಿದ್ದು. ಬ್ರಿಟಿಷ್ ಸೇನೆಯ ಎಷ್ಟೋ ವಾಚ್‌ಗಳಲ್ಲಿ ಪಟ್ಟಿಯ ಸರಳು ಕೇಸಿಗೇ ಬೆಸೆದಿರುತ್ತದೆ, ಕಳಚಲು ಬರುವುದಿಲ್ಲ. ಹೊಡೆದಾಟದ ನಡುವೆ ಸರಳು ಹಾರಿ ವಾಚ್ ಬೀಳಬಾರದು ಅಂತ. ಅದಕ್ಕೇ ಒಂದೇ ಉದ್ದದ ಬಟ್ಟೆಯ ಪಟ್ಟಿಯನ್ನು ಕೆಳಗಿನಿಂದ ತೂರಿಸಿ ಕಟ್ಟುತ್ತಾರೆ.

ಇಷ್ಟು ಹೇಳಿದ ಮೇಲೆ ರಿಪೇರಿಯೇ ಬೇಡ ಅಂತ ತಿಳಿಯಬೇಡಿ. ಮಷಿನ್ ರಿಪೇರಿ ಬೇಕೇ ಬೇಕು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ನನಗೆ ಗೊತ್ತಿರುವ ಒಬ್ಬ ಹಿರಿಯ ರಿಪೇರಿಯವರಿದ್ದಾರೆ. ಅವರು ಯಾವ ಹಳೆಯ ವಾಚ್ ಕೊಟ್ಟರೂ ಮೊದಲು ಹೇಳುವುದು ಒಂದೇ ಮಾತು: "ಮಷಿನ್ ಅಷ್ಟ ತೊಳೀತೀನ್ರಿ, ಮಾರಿಗೆ ಕೈ ಹಚ್ಚೂದಿಲ್ಲ." ಮಾರಿ ಅಂದರೆ ಮುಖ, ವಾಚಿನ ಡಯಲ್. ಅವರ ಮೇಜಿನ ಪಕ್ಕ ಕೂತು ನೋಡುವುದು ನನಗೆ ದೊಡ್ಡ ಸುಖ. ಮೊದಲು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗಿನ ಬಿಗಿ ಇಳಿಸುತ್ತಾರೆ. ಅತ್ತಿತ್ತ ಆಡುತ್ತಾ ಟೈಮ್ ಅಳೆಯುವ ಬ್ಯಾಲೆನ್ಸ್ ಚಕ್ರವನ್ನು ಚಿಮಟದಲ್ಲಿ ಎತ್ತಿದಾಗ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗ್, ಕೆಳಗೆ ಜೋತಾಡುತ್ತದೆ. ಆ ಹೊತ್ತಿಗೆ ಅವರು ಫ್ಯಾನ್ ಬಂದ್ ಮಾಡುತ್ತಾರೆ, ಮಾತೂ ಬಂದ್. ಹಲ್ಲಿನ ಚಕ್ರಗಳನ್ನು ತೊಳೆದು, ಜ್ಯುವೆಲ್‌ನ ತೂತನ್ನು ಮೊನೆ ಮಾಡಿದ ಕಡ್ಡಿಯಿಂದ ಒರೆಸುತ್ತಾರೆ. ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅದಕ್ಕೆ ನಮ್ಮ ಎರಿ ಮಣ್ಣಿನ ಧೂಳು ಸೇರಿದರೆ ಚಕ್ರದ ಅಚ್ಚನ್ನೇ ತಿನ್ನುತ್ತದೆ. ಕೊನೆಗೆ ಸೂಜಿಮೊನೆಯಲ್ಲಿ ಹಿಡಿಯುವಷ್ಟು ಎಣ್ಣೆ. ಬ್ಯಾಲೆನ್ಸ್ ಕೂರಿಸಿದ ಕ್ಷಣಕ್ಕೇ ಅದು ತಾನಾಗಿ ಆಡಲು ಶುರು ಮಾಡುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳಿಯೇ ಮುಂದೆ ಹೋಗುತ್ತೇನೆ. ಇಂಥ ಹಳೆಯ ಮಷಿನ್‌ಗಳಲ್ಲಿ ಹೆಚ್ಚಿನವು ಗಂಟೆಗೆ 18,000 ಬಡಿತದವು. ಸೆಕೆಂಡಿಗೆ ಐದು. ದಿನಕ್ಕೆ ಗುಣಿಸಿದರೆ 4,32,000. ನಮ್ಮ ಪಂಚಾಂಗದಲ್ಲಿ ಕಲಿಯುಗಕ್ಕೆ ಹೇಳುವ ವರ್ಷಗಳೂ ಅಷ್ಟೇ! ಇದಕ್ಕೆ ವಿಶೇಷ ಅರ್ಥ ಹುಡುಕಬೇಕಾಗಿಲ್ಲ, ಆದರೆ ಮೊದಲ ಸಲ ಹೊಂದಿಸಿ ನೋಡಿದಾಗ ನನಗೆ ಬಹಳ ಖುಷಿಯಾಗಿತ್ತು.

ಮೇನ್‌ಸ್ಪ್ರಿಂಗ್ ಹೊಸದು ಹಾಕಿಸಬಹುದು. ನೀರು ತಡೆಯುವ ರಬ್ಬರ್ ಬದಲಿಸಬಹುದು. ಪರ್ಸ್‌ಪೆಕ್ಸ್ ಗ್ಲಾಸ್ ಸೀಳಿದ್ದರೆ ಹೊಸದು ಹಾಕಿಸಿ, ಹಳೆಯದನ್ನು ಡಬ್ಬಿಯಲ್ಲಿ ಇಡಿ. ಆದರೆ ರೇಡಿಯಂ ಡಯಲ್ ಇದೆ ಅಂತ ರಿಪೇರಿಯವರಿಗೆ ಮೊದಲೇ ಹೇಳಿ, ಅವರ ಆರೋಗ್ಯವೂ ಮುಖ್ಯ. ಮಾಡಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ತಾರೀಖಿನ ಸಮೇತ ಬರೆದಿಡಿ. ಮುಂದೆ ಮಾರುವಾಗ ಆ ಚೀಟಿಯನ್ನೂ ಕೊಡಿ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ನಮ್ಮ ಎಚ್‌ಎಂಟಿ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾಯಿತು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಸೈನಿಕರಿಗೆಂದು ಮಾಡಿದ ಜವಾನ್ ಮಾದರಿ ಇನ್ನೂ ಸಾಮಾನ್ಯರ ಕೈಗೆಟುಕುವ ಬೆಲೆಗೆ ಸಿಗುತ್ತದೆ. 17 ಜ್ಯುವೆಲ್, ದಿನಾ ಚಾವಿ ಕೊಡಬೇಕು. ಬಿಡಿಭಾಗ ಸಿಗುತ್ತವೆ, ರಿಪೇರಿ ಬಲ್ಲವರು ನಮ್ಮ ಊರಲ್ಲೇ ಇದ್ದಾರೆ. ಆದರೆ ಜವಾನ್, ಪೈಲಟ್ ಹೆಸರಿನಲ್ಲಿ ಮತ್ತೆ ಬಣ್ಣ ಹೊಡೆದ ಡಯಲ್‌ಗಳು ಪೇಟೆಯ ತುಂಬ ಇವೆ. ಆಗಲೇ ಹೇಳಿದ ಭೂತಗನ್ನಡಿ ಅಲ್ಲಿಗೂ ಬೇಕು.

ದಿನಾ ಕಟ್ಟಬಹುದಾ ಅಂತ ಹಿಂದಿನ ಸಾಲಿನಿಂದ ಒಬ್ಬ ತಂಗಿ ಕೇಳಿದರು. ಸರ್ವಿಸ್ ಆದ ಜವಾನ್ ವಾಚನ್ನು ಧಾರಾಳವಾಗಿ ಕಟ್ಟಮ್ಮ. ರೇಡಿಯಂ ಇರುವುದನ್ನು ದಿನಾ ಕಟ್ಟುವುದು ಬೇಡ. ಹಿಂದೆ ಏನೇ ಬರೆದಿರಲಿ, ಹಳೆಯ ವಾಚಿಗೆ ನೀರು ತಡೆಯುವ ಶಕ್ತಿ ಇದೆ ಅಂತ ನಂಬಬೇಡ. ಧಾರವಾಡದ ಮಳೆಯಲ್ಲಿ ಚಾವಿಯ ಕಡ್ಡಿಯ ಗುಂಟ ತೇವ ಒಳಗೆ ಹೋಗುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಅಜ್ಜನ ವಾಚ್ ಟ್ರಂಕಿನಲ್ಲಿ ಸಿಕ್ಕಿದೆ, ಏನು ಮಾಡಲಿ ಅಂತ ಇನ್ನೊಬ್ಬರ ಚೀಟಿ ಬಂದಿದೆ. ಓಡುತ್ತಾ ನೋಡೋಣ ಅಂತ ಜೋರಾಗಿ ಚಾವಿ ಕೊಡಬೇಡಿ, ಒಣಗಿದ ಎಣ್ಣೆಯಲ್ಲಿ ಚಕ್ರ ತಿರುಗಿದರೆ ಸವೆಯುತ್ತವೆ. ಮೊದಲು ಮುಂದಿನದು, ಹಿಂದಿನದು ಫೋಟೋ ತೆಗೆಯಿರಿ. ಅಜ್ಜನ ಹೆಸರು, ಸೈನ್ಯದ ನಂಬರ್, ಪಲ್ಟನ್, ಎಲ್ಲೆಲ್ಲಿ ಇದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಇದೇ ವಾರ ಬರೆದುಕೊಳ್ಳಿ. ಡಿಸ್ಚಾರ್ಜ್ ಬುಕ್ ಮತ್ತು ವಾಚ್ ಬೇರೆ ಬೇರೆ ಮಕ್ಕಳ ಪಾಲಿಗೆ ಹೋಗದಂತೆ ನೋಡಿಕೊಳ್ಳಿ. ಆಮೇಲೆ ರಿಪೇರಿಯವರ ಹತ್ತಿರ ಹೋಗಿ, ಮಷಿನ್ ಮಾತ್ರ ಅಂತ ಬಾಯಿಬಿಟ್ಟು ಹೇಳಿ.

ನಿಮ್ಮಲ್ಲಿ ಕೆಲವರು ವಾಚ್ ತಂದಿದ್ದೀರಿ. ಮೇಜಿನ ಮೇಲೆ ಬಟ್ಟೆ ಹಾಸಿದೆ, ಡಯಲ್ ಕೆಳಗೆ ಮಾಡಿ ಇಡಿ. ಹಿಂದಿನ ಮುಚ್ಚಳದಿಂದಲೇ ಶುರು ಮಾಡೋಣ.